ಮೇಷ್ಟ್ರ ಸೀಟಿ: ತಂಡ ಹೋಯಿತು, ಗೋಡೆ ಉಳಿಯಿತು

ಆಟ, ಮೈದಾನ, ಆಟಗಾರರ ಬಗ್ಗೆ ಓದುಗರ ಪ್ರಶ್ನೆಗಳಿಗೆ ಗೋಣಿಕೊಪ್ಪಲಿನ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರ ಉತ್ತರ

ಪ್ರಶ್ನೆ: ಮೇಷ್ಟ್ರೇ, ಮಗಳ ಬಾಣಂತನಕ್ಕೆಂದು ಅಮೆರಿಕದ ಪಿಟ್ಸ್‌ಬರ್ಗಿಗೆ ಹೋಗಿದ್ದೆ. ಅಕ್ಟೋಬರ್ 13ರಂದು ಅಳಿಯ ನನ್ನನ್ನು ಒಂದು ಹಳೇ ಇಟ್ಟಿಗೆ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಗೋಡೆ ತುಂಬ ಬಳ್ಳಿ, ಒಂದು ಕಡೆ 457 ಅಂತ ಬರೆದಿದೆ. ಅದರ ಮುಂದೆ ಒಂದಷ್ಟು ಜನ ಮಡಚುವ ಕುರ್ಚಿ ಹಾಕಿಕೊಂಡು ಹಳೇ ಬೇಸ್‌ಬಾಲ್ ಪಂದ್ಯದ ರೇಡಿಯೋ ಕಾಮೆಂಟರಿ ಕೇಳುತ್ತಾ ಕೂತಿದ್ದರು. ಯಾರು ಗೆದ್ದರು ಅಂತ ಎಲ್ಲರಿಗೂ ಗೊತ್ತಿರುವ ಪಂದ್ಯ! ಆದರೂ ಕೊನೆಗೆ ಎದ್ದು ನಿಂತು ಕೂಗಿದರು, ತಬ್ಬಿಕೊಂಡರು. ಏನಿದು ಹುಚ್ಚು? ನಮ್ಮ ಕೊಡಗಿನಲ್ಲಿ ಹಾಕಿಗೆ ಅಷ್ಟು ಮರ್ಯಾದೆ ಇದ್ದರೂ ಹೀಗೆ ಗೋಡೆ ಮುಂದೆ ಕೂತವರನ್ನು ನಾನು ನೋಡಿಲ್ಲ.
(ಅಮ್ಮತ್ತಿಯಿಂದ ಒಬ್ಬ ಅಜ್ಜಿ)

ಅಕ್ಕಾ, ಬಾಣಂತನಕ್ಕೆ ಹೋದವರನ್ನು ಗೋಡೆ ನೋಡಲು ಕರೆದುಕೊಂಡು ಹೋದ ಆ ಅಳಿಯನಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ.

ನೀವು ನೋಡಿದ್ದು ಫೋರ್ಬ್ಸ್ ಫೀಲ್ಡ್ ಎಂಬ ಮೈದಾನದ ಹಿಂಗೋಡೆ. 1909ರಲ್ಲಿ ಶುರುವಾಗಿ 1970ರವರೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಆಡಿದ್ದು ಅಲ್ಲೇ. ಆಮೇಲೆ ಮೈದಾನ ಕೆಡವಿದರು, ಜಾಗ ವಿಶ್ವವಿದ್ಯಾಲಯದ ಪಾಲಾಯಿತು, ಗೋಡೆಯ ಒಂದು ತುಂಡು ಮಾತ್ರ ನಿಂತಿತು. 457 ಅಂದರೆ ಬ್ಯಾಟುಗಾರ ನಿಲ್ಲುವ ಜಾಗದಿಂದ ಅಲ್ಲಿಗೆ 457 ಅಡಿ ಅಂತ. ಆ ಬ್ಯಾಟುಗಾರನ ಜಾಗವನ್ನೂ ಅವರು ಬಿಟ್ಟಿಲ್ಲ. ಪಕ್ಕದ ಕಾಲೇಜು ಕಟ್ಟಡದ ನೆಲದಲ್ಲಿ ಗಾಜು ಮುಚ್ಚಿ ಇಟ್ಟಿದ್ದಾರೆ. ಮಕ್ಕಳು ಪುಸ್ತಕ ಎದೆಗವಚಿಕೊಂಡು ಅದರ ಮೇಲೇ ನಡೆದು ಕ್ಲಾಸಿಗೆ ಹೋಗುತ್ತಾರೆ. ಇನ್ನೊಮ್ಮೆ ಹೋದರೆ ಅದನ್ನೂ ನೋಡಿ ಬನ್ನಿ.

ಪಂದ್ಯದ ಕಥೆ ಹೀಗೆ. 1960ರ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲಿನ ಅಂತಿಮ ಸರಣಿ, ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಏಳು ಪಂದ್ಯದಲ್ಲಿ ನಾಲ್ಕು ಗೆದ್ದವರಿಗೆ ಕಿರೀಟ. ಯಾಂಕೀಸ್ ಗೆದ್ದ ಮೂರು ಪಂದ್ಯಗಳ ಲೆಕ್ಕ ನೋಡಿ: 16-3, 10-0, 12-0. ಚಚ್ಚಿ ಹಾಕಿದ್ದಾರೆ. ಪೈರೇಟ್ಸ್ ಗೆದ್ದದ್ದೆಲ್ಲ ಒಂದು, ಎರಡು, ಮೂರು ರನ್ನಿನ ಅಂತರದಲ್ಲಿ. ಏಳೂ ಪಂದ್ಯದ ರನ್ ಕೂಡಿಸಿದರೆ ಯಾಂಕೀಸ್ 55, ಪೈರೇಟ್ಸ್ 27. ಅರ್ಧಕ್ಕೂ ಕಮ್ಮಿ ಹೊಡೆದವರು ಗೆದ್ದರು! ಕೊನೆಯ ಪಂದ್ಯ, ಕೊನೆಯ ಇನ್ನಿಂಗ್ಸ್, 9-9. ಪೈರೇಟ್ಸಿನ ಬಿಲ್ ಮ್ಯಾಜೆರೋಸ್ಕಿ ಬಂದರು. ಅವರಿಗೆ ಹೆಸರಿದ್ದದ್ದು ಕ್ಷೇತ್ರರಕ್ಷಣೆಗೆ, ಬ್ಯಾಟಿಂಗಿಗಲ್ಲ. ಎರಡನೇ ಎಸೆತ ಎಡಗಡೆಯ ಗೋಡೆ ದಾಟಿ ಹೋಯಿತು, ನಮ್ಮ ಕ್ರಿಕೆಟ್ಟಿನಲ್ಲಿ ಸಿಕ್ಸರ್ ಅಂತೀವಲ್ಲ ಹಾಗೆ. ಪಂದ್ಯ 10-9, ಸೀರೀಸ್ ಮುಗಿಯಿತು. ಮೈದಾನದ ಗಡಿಯಾರದಲ್ಲಿ ಆಗ 3 ಗಂಟೆ 36 ನಿಮಿಷ.

1985ರಲ್ಲಿ ಅದೇ ದಿನ ಒಬ್ಬ ಅಭಿಮಾನಿ ಆ ಪಂದ್ಯದ ಕಾಮೆಂಟರಿ ಕ್ಯಾಸೆಟ್ ಹಿಡಿದುಕೊಂಡು ಒಬ್ಬರೇ ಬಂದು ಗೋಡೆಯ ಬುಡದಲ್ಲಿ ಕೂತರು. ಮುಂದಿನ ವರ್ಷಗಳಲ್ಲಿ ನಾಲ್ಕು ಜನ ಸೇರಿಕೊಂಡರು, ಮತ್ತೆ ಇನ್ನಷ್ಟು ಜನ. ಈಗ ಅದೊಂದು ಹಬ್ಬ. ಟೇಪನ್ನು ಮಧ್ಯಾಹ್ನ ಒಂದು ಗಂಟೆಗೆ ಹಚ್ಚುತ್ತಾರೆ, ಆ ಹೊಡೆತದ ಕೂಗು ಸರಿಯಾಗಿ 3.36ಕ್ಕೆ ಕೇಳಬೇಕು ಎಂಬ ಲೆಕ್ಕದಲ್ಲಿ. ನೀವು ನೋಡಿದ ಅಪ್ಪುಗೆ ಅದೇ ನಿಮಿಷದ್ದು.

ಇನ್ನು, ನಮ್ಮಲ್ಲಿ ಯಾಕಿಲ್ಲ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ನನಗೆ ಅನಿಸುವುದು ಇಷ್ಟು. ಅಮೆರಿಕದಲ್ಲಿ ತಂಡ ಅಂದರೆ ಒಬ್ಬ ಮಾಲೀಕನ ವ್ಯಾಪಾರ. ಲಾಭ ಕಂಡ ಕಡೆ ಗಂಟುಮೂಟೆ ಕಟ್ಟಬಹುದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಾಡ್ಜರ್ಸ್ ಅಂತ ತಂಡವಿತ್ತು. ಸೋತು ಸೋತು 1955ರಲ್ಲಿ ಕಡೆಗೂ ವರ್ಲ್ಡ್ ಸೀರೀಸ್ ಗೆದ್ದಿತು, ಆ ಊರಲ್ಲಿದ್ದಾಗ ಗೆದ್ದದ್ದು ಅದೊಂದೇ. ಎರಡು ವರ್ಷ ಕಳೆಯುವಷ್ಟರಲ್ಲಿ ಮಾಲೀಕರು ತಂಡವನ್ನು ದೇಶದ ಆಚೆ ತುದಿಯ ಲಾಸ್ ಏಂಜಲೀಸಿಗೆ ಹೊರಡಿಸಿದರು. 1913ರ ಆ ಮೈದಾನ ಎಬೆಟ್ಸ್ ಫೀಲ್ಡನ್ನು 1960ರಲ್ಲಿ ಒಡೆದು ಮನೆಗಳನ್ನು ಕಟ್ಟಿದರು. ತಂಡವೇ ಕೈಬಿಟ್ಟು ಹೋಗಬಹುದು ಅಂತ ಒಮ್ಮೆ ಗೊತ್ತಾದ ಮೇಲೆ ಜನ ಯಾವುದನ್ನು ಹಿಡಿದುಕೊಳ್ಳುತ್ತಾರೆ ಹೇಳಿ? ಗೋಡೆ, ಗೇಟು, ಕುರ್ಚಿ ನಂಬರು.

ನಮ್ಮದು ತಿರುವುಮುರುವು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಕೊಡವ ಹಾಕಿ ಉತ್ಸವ ಶುರುಮಾಡಿದರು. ಅಂದಿನಿಂದ ಒಂದೊಂದು ವರ್ಷ ಒಂದೊಂದು ಕುಟುಂಬ ನಡೆಸುತ್ತದೆ. ಒಮ್ಮೆ ನಾಪೋಕ್ಲು, ಒಮ್ಮೆ ಪೊನ್ನಂಪೇಟೆ, ಒಮ್ಮೆ ಮಡಿಕೇರಿ. 2024ರಲ್ಲಿ ಕುಂಡ್ಯೋಳಂಡದವರು ನಾಪೋಕ್ಲಿನಲ್ಲಿ 360 ತಂಡ ಸೇರಿಸಿ ಗಿನ್ನೆಸ್ ಪುಸ್ತಕಕ್ಕೇ ಹೋದರು. ಮರುವರ್ಷ ಮಡಿಕೇರಿಯಲ್ಲಿ ಮುದ್ದಂಡದವರ ಕಪ್ಪಿಗೆ 396 ಕುಟುಂಬ. ನಮ್ಮಲ್ಲಿ ತಂಡ ಅಂದರೆ ಒಕ್ಕ, ಒಂದೇ ಮೂಲದ ದೊಡ್ಡ ಕುಟುಂಬ. ಅದನ್ನು ಯಾರೂ ಮಾರುವ ಹಾಗಿಲ್ಲ, ಬೇರೆ ಊರಿಗೆ ಸಾಗಿಸುವ ಹಾಗಿಲ್ಲ. ಬೆಂಗಳೂರಲ್ಲಿರುವ ಎಂಜಿನಿಯರ್, ಸಿಯಾಚಿನ್‌ನಿಂದ ರಜೆ ಹಾಕಿ ಬಂದ ಸುಬೇದಾರ್, ಕಾಲೇಜು ಹುಡುಗಿ, ಮಂಡಿನೋವಿನ ಅಜ್ಜ, ಎಲ್ಲರ ಜೆರ್ಸಿ ಮೇಲೂ ಒಕ್ಕದ ಮೂಲಮನೆಯಾದ ಐನ್‌ಮನೆಯ ಒಂದೇ ಹೆಸರು. ತಂಡ ಎಲ್ಲೂ ಹೋಗುವುದಿಲ್ಲ ಎಂಬ ಧೈರ್ಯವಿರುವುದರಿಂದ ಮೈದಾನದ ಬಗ್ಗೆ ನಾವು ಅಷ್ಟಾಗಿ ತಲೆ ಕೆಡಿಸಿಕೊಂಡಿಲ್ಲ. ಉತ್ಸವ ಮುಗಿದ ಮಾರನೇ ದಿನ ಗ್ಯಾಲರಿಯ ಪೈಪು ಬಿಚ್ಚಿ ಲಾರಿಗೆ ಹಾಕುತ್ತೇವೆ, ಅಷ್ಟೇ.

ಇದರಲ್ಲಿ ಹೆಮ್ಮೆ ಪಡುವುದೂ ಇದೆ, ನಾಚಿಕೆ ಪಡುವುದೂ ಇದೆ. ನಾಚಿಕೆಯದ್ದು ಮೂರನೇ ಪ್ರಶ್ನೆಯಲ್ಲಿ ಬರುತ್ತದೆ.

ಪ್ರಶ್ನೆ: ಹುಲ್ಲಿನ ಮೈದಾನ ಇದ್ದಾಗ ಹಾಕಿಯಲ್ಲಿ ಭಾರತವೇ ರಾಜ, ಟರ್ಫ್ ಅಂದರೆ ಕೃತಕ ಹುಲ್ಲು ಹಾಸಿ ನಮ್ಮನ್ನು ಬೇಕೆಂದೇ ಸೋಲಿಸಿದರು ಅಂತ ನಮ್ಮಪ್ಪ ಪ್ರತಿ ಪಂದ್ಯದ ಹೊತ್ತಿಗೂ ಹೇಳುತ್ತಾರೆ. ಎದುರು ಮಾತಾಡಿದರೆ ಊಟ ಬಿಟ್ಟು ಏಳುತ್ತಾರೆ. ನಿಜವೇ ಸರ್?
(ಸೋಮವಾರಪೇಟೆಯಿಂದ ಒಬ್ಬ ಯುವಕ)

ಅಪ್ಪ ಊಟ ಮುಗಿಸಿ ಕೈ ತೊಳೆದ ಮೇಲೆ ಇದನ್ನು ಓದಿ ಹೇಳು ತಮ್ಮಾ.

1960ರ ರೋಮ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಪಾಕಿಸ್ತಾನ ನಮ್ಮನ್ನು 1-0ಯಿಂದ ಸೋಲಿಸಿತು. ಅದು ಹುಲ್ಲು. 1968 ಮೆಕ್ಸಿಕೊ, ಕಂಚು. ಹುಲ್ಲು. 1972 ಮ್ಯೂನಿಕ್, ಮತ್ತೆ ಕಂಚು, ಮತ್ತೆ ಹುಲ್ಲು. ಮ್ಯೂನಿಕ್ ತಂಡದಲ್ಲಿ ನಮ್ಮ ಎಂ.ಪಿ. ಗಣೇಶ್ ಇದ್ದರು, ನಿಮ್ಮ ಸೋಮವಾರಪೇಟೆಯ ಬಿ.ಪಿ. ಗೋವಿಂದ ಇದ್ದರು. 1973ರ ವಿಶ್ವಕಪ್ಪಿಗೆ ಗಣೇಶ್ ಅವರೇ ನಾಯಕ. ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ಫೈನಲ್, ನಮ್ಮದು 2-0 ಮುನ್ನಡೆ. ಹಾಲೆಂಡಿನವರು ಎರಡೂ ತೀರಿಸಿದರು, ಕಡೆಗೆ ಪೆನಾಲ್ಟಿ ಸ್ಟ್ರೋಕಿನಲ್ಲಿ ಕಪ್ ಕೈತಪ್ಪಿತು. ಎಲ್ಲ ಹುಲ್ಲಿನ ಮೇಲೇ. ಅಂದರೆ ಟರ್ಫ್ ಬರುವ ಮುಂಚೆಯೇ ಯೂರೋಪಿನವರು ನಮ್ಮ ಬೆನ್ನ ಹಿಂದೆ ಬಂದು ನಿಂತಾಗಿತ್ತು.

ಆದರೆ 1975 ಅಪ್ಪನ ಕಡೆಗೆ. ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ತಂದೆವು, ಗೋವಿಂದ ಆ ತಂಡದಲ್ಲೂ ಇದ್ದರು. ಮಾರ್ಚ್ 15. ರೋಬಸ್ಟಾ ಕೊಯ್ಲಿನ ಕೊನೆ, ನಮ್ಮ ಕಣದಲ್ಲಿ ಕಾಫಿ ಹರಡಿತ್ತು. ಟ್ರಾನ್ಸಿಸ್ಟರನ್ನು ಮಂಕರಿ ಬೋರಲು ಹಾಕಿ ಅದರ ಮೇಲಿಟ್ಟು ಜಸದೇವ್ ಸಿಂಗರ ಹಿಂದಿ ಕಾಮೆಂಟರಿ ಕೇಳಿದೆವು. ನಮ್ಮಲ್ಲಿ ಅರ್ಧ ಜನಕ್ಕೆ ಹಿಂದಿ ಬರುತ್ತಿರಲಿಲ್ಲ, ಅವರ ದನಿ ಏರಿದಾಗ ಎದ್ದು ನಿಲ್ಲುವುದು, ಇಳಿದಾಗ ಕೂರುವುದು. ಅಶೋಕ್ ಕುಮಾರ್ ಗೋಲು ಹೊಡೆದಾಗ ಕುಂಟೆ ಹಿಡಿದಿದ್ದವನು ಅದನ್ನು ಎಸೆದದ್ದು ಎಲ್ಲಿಗೆ ಅಂತ ಸಂಜೆವರೆಗೂ ಹುಡುಕಿದೆವು.

ಮರುವರ್ಷ ಮಾಂಟ್ರಿಯಲ್. ಒಲಿಂಪಿಕ್ಸಿನಲ್ಲಿ ಮೊದಲ ಸಲ ಕೃತಕ ಹುಲ್ಲು. ನಾವು ಏಳನೇ ಸ್ಥಾನ. ಅಪ್ಪನ ಸಿಟ್ಟಿಗೆ ಕಾರಣ ಇದೇ, ಅದು ಸುಳ್ಳಲ್ಲ. ಹುಲ್ಲಿನಲ್ಲಿ ಚೆಂಡು ಕುಪ್ಪಳಿಸುತ್ತದೆ, ತಡೆಯುವುದೇ ಒಂದು ಕಲೆ, ಮಣಿಕಟ್ಟು ಆಡಬೇಕು. ಟರ್ಫಿನಲ್ಲಿ ಚೆಂಡು ಓಡುತ್ತದೆ, ಕಾಲೂ ಶ್ವಾಸಕೋಶವೂ ಆಡಬೇಕು. ದುಡ್ಡಿದ್ದ ದೇಶಗಳು ಊರೂರಿಗೆ ಟರ್ಫ್ ಹಾಸಿಕೊಂಡವು, ನಮ್ಮ ಹುಡುಗರು ವರ್ಷವಿಡೀ ಮಣ್ಣಿನಲ್ಲಿ ಆಡಿ ಕ್ಯಾಂಪಿಗೆ ಹೋದಾಗಷ್ಟೇ ಟರ್ಫ್ ಕಾಣುತ್ತಿದ್ದರು. ಈಗ ಕೂಡಿಗೆಯ ಕ್ರೀಡಾಶಾಲೆಯಲ್ಲಿ, ಪೊನ್ನಂಪೇಟೆಯಲ್ಲಿ ಟರ್ಫ್ ಇದೆ. ಆಗ ಎಲ್ಲಿತ್ತು?

ಆದರೆ 1980ರ ಮಾಸ್ಕೋ ಚಿನ್ನ, ನಮ್ಮ ಎಂ.ಎಂ. ಸೋಮಯ್ಯ ಆಡಿ ತಂದದ್ದು, ಟರ್ಫಿನ ಮೇಲೇ ಬಂದದ್ದು. ಹೌದು, ಬಹಿಷ್ಕಾರದಿಂದ ಆರೇ ತಂಡ ಇದ್ದವು, ಅದನ್ನೂ ಹೇಳಬೇಕು. ಟೋಕಿಯೊ ಮತ್ತು ಪ್ಯಾರಿಸ್ಸಿನ ಎರಡು ಕಂಚುಗಳೂ ಟರ್ಫಿನವೇ, ಅಲ್ಲಿ ಯಾವ ಬಹಿಷ್ಕಾರವೂ ಇರಲಿಲ್ಲ. ನಿಮ್ಮೂರಿನ ಎಸ್.ವಿ. ಸುನಿಲ್ ಎರಡು ಒಲಿಂಪಿಕ್ಸ್ ಆಡಿದ್ದು ಟರ್ಫಿನ ಮೇಲೆ ಓಡಿ. ಅವರ ಓಟ ನೋಡಿದವರು ಟರ್ಫನ್ನು ಪೂರ್ತಿ ಶಪಿಸಲಾರರು.

ಅಪ್ಪನಿಗೆ ಸಮಾಧಾನಕ್ಕೆ ಇನ್ನೊಂದು ಸುದ್ದಿ. ಮೇಲೆ ಹೇಳಿದ ಪೈರೇಟ್ಸ್ ತಂಡ ಹಳೇ ಮೈದಾನ ಬಿಟ್ಟು ಹೋದದ್ದು ತ್ರೀ ರಿವರ್ಸ್ ಎಂಬ ಕಾಂಕ್ರೀಟಿನ ಕ್ರೀಡಾಂಗಣಕ್ಕೆ. ಅಲ್ಲಿ ಕೃತಕ ಹುಲ್ಲು. 2001ರಲ್ಲಿ ಅದನ್ನು ಸಿಡಿಮದ್ದಿಟ್ಟು ಉರುಳಿಸಿ, ಪಕ್ಕದಲ್ಲೇ ಕಟ್ಟಿದ ಹೊಸ ಮೈದಾನಕ್ಕೆ ಹೋದರು, ಅಲ್ಲಿ ಬೆಳೆಸಿದ್ದು ನಿಜವಾದ ಹುಲ್ಲು. ಬಲಗಡೆಯ ಗೋಡೆಯನ್ನು 21 ಅಡಿ ಎತ್ತರ ಮಾಡಿದರು, ಅವರ ಹಳೆಯ ವೀರ ರಾಬರ್ಟೊ ಕ್ಲೆಮೆಂಟೆ ತೊಡುತ್ತಿದ್ದ ಅಂಗಿಯ ನಂಬರ್ 21 ಅಂತ. ಇಷ್ಟೆಲ್ಲ ಮಾಡಿ ಗೆದ್ದರೇ? ಇಲ್ಲ. 1993ರಿಂದ 2012ರವರೆಗೆ ಸತತ 20 ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಹುಲ್ಲು ವಾಪಸ್ ತಂದ ಮಾತ್ರಕ್ಕೆ ಕಪ್ ವಾಪಸ್ ಬರಲಿಲ್ಲ. ಈ ಕೊನೆಯ ವಾಕ್ಯ ಅಪ್ಪನಿಗೆ ಓದುವುದೂ ಬಿಡುವುದೂ ನಿನ್ನ ಧೈರ್ಯಕ್ಕೆ ಬಿಟ್ಟದ್ದು.

ಪ್ರಶ್ನೆ: ನಾವು ಚಿಕ್ಕಂದಿನಿಂದ ಹಾಕಿ ಆಡಿದ ಊರಿನ ಮೈದಾನ ಈಗ ಮದುವೆ ಬಂದರೆ ಕಾರ್ ಪಾರ್ಕಿಂಗ್, ಮದುವೆ ಇಲ್ಲದಿದ್ದರೆ ಜಲ್ಲಿ ರಾಶಿ. ಗೋಲ್‌ಪೋಸ್ಟ್ ಒಂದು ಬಿದ್ದಿದೆ, ಇನ್ನೊಂದಕ್ಕೆ ಯಾರೋ ಹಸು ಕಟ್ಟುತ್ತಾರೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಏನು ಮಾಡೋಣ?
(ನಾಪೋಕ್ಲು ಕಡೆಯ ಹಳೇ ಆಟಗಾರ)

ಅರ್ಜಿ ಬಿಡಬೇಡಿ, ಆದರೆ ಅರ್ಜಿಯನ್ನೇ ನಂಬಿ ಕೂರಬೇಡಿ.

ಅಮೆರಿಕದ ಡೆಟ್ರಾಯಿಟಿನಲ್ಲಿ ಟೈಗರ್ ಸ್ಟೇಡಿಯಂ ಅಂತ ಬೇಸ್‌ಬಾಲ್ ಮೈದಾನ ಇತ್ತು. 1912ರ ಏಪ್ರಿಲ್ 20ರಂದು ಶುರು, 1999ರ ಸೆಪ್ಟೆಂಬರ್ 27ಕ್ಕೆ ಕೊನೆಯ ಪಂದ್ಯ. ಹತ್ತು ವರ್ಷ ಪಾಳು ಬಿಟ್ಟು ಆಮೇಲೆ ಕೆಡವಿದರು. ಮೈದಾನದ ಜಾಗ ಮಾತ್ರ ಬೇಲಿ ಹಾಕಿಕೊಂಡು ಹಾಗೇ ಬಿದ್ದಿತ್ತು, ಆಳೆತ್ತರ ಕಳೆ. 2010ರಲ್ಲಿ ಕೆಲವು ಅಭಿಮಾನಿಗಳು ಮನೆಯಿಂದ ಹುಲ್ಲು ಕತ್ತರಿಸುವ ಯಂತ್ರ ತಂದು ಒಳಗೆ ನುಗ್ಗಿದರು. ಅತಿಕ್ರಮ ಪ್ರವೇಶ ಅಂತ ಪೊಲೀಸರು ಎಬ್ಬಿಸಿ ಕಳಿಸಿದರು. ಇವರು ಮತ್ತೆ ಬಂದರು. ಕಳೆ ತೆಗೆದರು, ಕಸ ಹೆಕ್ಕಿದರು, ಚೆಂಡು ಎಸೆಯುವವನ ದಿಬ್ಬಕ್ಕೆ ಮಣ್ಣು ಹಾಕಿ ಕಟ್ಟಿದರು, ಬಿಳಿ ಗೆರೆ ಎಳೆದರು. ವರ್ಷಗಟ್ಟಲೆ ಸಂಬಳವಿಲ್ಲದ ಈ ಕೆಲಸ ನಡೆಯಿತು. ಅಪ್ಪ ಮಕ್ಕಳು ಬಂದು ಆಡತೊಡಗಿದರು. 2018ರಲ್ಲಿ ಅಲ್ಲೇ ಮಕ್ಕಳ ಆಟದ ಮೈದಾನ ಅಧಿಕೃತವಾಗಿ ಬಂತು. ಬರುವಾಗ ಕೃತಕ ಹುಲ್ಲು ಹಾಸಿಕೊಂಡು ಬಂತು, ಅದಕ್ಕೆ ಈ ಹುಲ್ಲು ಕತ್ತರಿಸಿದವರು ಕೆಂಡಾಮಂಡಲವಾದರು. ಸೋಮವಾರಪೇಟೆಯ ಅಪ್ಪನಂಥವರು ಎಲ್ಲ ದೇಶದಲ್ಲೂ ಇದ್ದಾರೆ.

ನಿಮ್ಮ ಲೆಕ್ಕಕ್ಕೆ ಬರೋಣ. ಕಳೆ ಹೊಡೆಯುವ ಮೆಷಿನ್ ನಿಮ್ಮೂರಲ್ಲಿ ಯಾವ ತೋಟದ ಮನೆಯಲ್ಲಿಲ್ಲ? ಕಾಫಿ ಗಿಡದ ಬುಡಕ್ಕೆ ಓಡಿಸುವುದನ್ನು ಒಂದು ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಓಡಿಸಿ. ಮೊದಲು ಪಂಚಾಯಿತಿಗೆ ಒಂದು ಮಾತು ಹೇಳಿ, ಡೆಟ್ರಾಯಿಟಿನವರ ಹಾಗೆ ಪೊಲೀಸರ ಕೈಲಿ ಎಬ್ಬಿಸಿಕೊಳ್ಳಬೇಡಿ. ಜಲ್ಲಿ ಯಾರದ್ದು ಅಂತ ಊರಿಗೆಲ್ಲ ಗೊತ್ತಿರುತ್ತದೆ, ಅವರ ಮನೆಗೇ ಹೋಗಿ ಕಾಫಿ ಕುಡಿದು ಕೇಳಿ. ಗೋಲ್‌ಪೋಸ್ಟಿಗೆ ಸಿಲ್ವರ್ ಓಕ್ ಕಂಬ ಸಾಕು: ಅಗಲ ನಾಲ್ಕು ಗಜ, ಎತ್ತರ ಏಳು ಅಡಿ. ಸುಣ್ಣದ ಪುಡಿಯಿಂದ ಗೆರೆ ಎಳೆಯುವಾಗ ಹಗ್ಗ ಬಿಗಿದು ಕಟ್ಟಿ, ಕಣ್ಣಂದಾಜು ಬೇಡ. ಕಣ್ಣಂದಾಜಿನಲ್ಲಿ ಎಳೆದ 'ಡಿ' (ಗೋಲಿನ ಮುಂದಿನ ಅರ್ಧವೃತ್ತ) ಒಂದು ಕಡೆ ಹೊಟ್ಟೆ ಬಿಟ್ಟಿರುತ್ತದೆ, ಆಮೇಲೆ ಗೋಲೋ ಅಲ್ಲವೋ ಅಂತ ಜಗಳ. ಗೆರೆ ಬಿದ್ದ ಮೇಲೆ ನೋಡಿ, ಗೆರೆ ಇರುವ ಮೈದಾನಕ್ಕೆ ಕಾರು ನುಗ್ಗಿಸಲು ಮದುವೆ ಮನೆಯವರಿಗೂ ಮುಜುಗರ.

ಆ ವಾರವೇ ಪಂದ್ಯ ಇಟ್ಟುಬಿಡಿ. ಹಳಬರು ಒಂದು ಕಡೆ, ಶಾಲೆ ಮಕ್ಕಳು ಒಂದು ಕಡೆ. ಹಳಬರು ಸೋಲುತ್ತಾರೆ, ಪರವಾಗಿಲ್ಲ. ಹಸುವಿಗೆ ಬೇರೆ ಗೂಟ ಹೊಡೆದು ಕೊಡಿ ಪಾಪ, ಅದರದ್ದೇನು ತಪ್ಪು.

ಪ್ರಶ್ನೆ: ನಮ್ಮಜ್ಜ ಹಳೇ ಹಾಕಿ ಪಂದ್ಯದ ಒಂದೇ ಕಥೆಯನ್ನು ಪುತ್ತರಿ ಹಬ್ಬಕ್ಕೆ ಒಮ್ಮೆ, ಕೈಲ್‌ಪೊಳ್ದ್‌ಗೆ ಒಮ್ಮೆ ಹೇಳುತ್ತಾರೆ. ಪ್ರತಿ ಸಲ ಗೋಲು ಒಂದು ಜಾಸ್ತಿಯಾಗುತ್ತದೆ. ಸುಳ್ಳು ಅಂತ ಹೇಳಬಹುದಾ?
(ಪೊನ್ನಂಪೇಟೆಯಿಂದ ಪಿಯುಸಿ ವಿದ್ಯಾರ್ಥಿನಿ)

ಹೇಳಬೇಡ ಮಗಾ. ಫೋನಿನಲ್ಲಿ ರೆಕಾರ್ಡ್ ಮಾಡು.

ಆದರೆ "ತಾತಾ, ಕಥೆ ಹೇಳಿ" ಅಂತ ಕೇಳಿದರೆ ಅದೇ ಬಾಯಿಪಾಠ ಬರುತ್ತದೆ. ಸಣ್ಣ ಸಣ್ಣದ್ದು ಕೇಳು. ಸ್ಟಿಕ್ ಎಲ್ಲಿಂದ ತಂದಿರಿ? ಅಂಗಡಿಯ ಹಿಪ್ಪುನೇರಳೆ ಮರದ್ದೋ, ಕಾಫಿ ಬುಡ ಬಗ್ಗಿಸಿ ಮಾಡಿದ್ದೋ? ಕಾಲಿಗೆ ಏನಿತ್ತು? ಗೋಲ್‌ಕೀಪರ್ ಪ್ಯಾಡ್ ಇತ್ತೋ, ಗೋಣಿಚೀಲ ಸುತ್ತಿದ್ದರೋ? ಮೈದಾನಕ್ಕೆ ಹೇಗೆ ಹೋದಿರಿ, ಜೀಪಲ್ಲೋ ನಡೆದೋ? ಅಂಪೈರ್ ಯಾರು, ಅವರಿಗೆ ಎಷ್ಟು ಬೈದಿರಿ? ಇಂಥ ಪ್ರಶ್ನೆಗೆ ಮುದುಕರು ಒಂದು ಕ್ಷಣ ನಿಲ್ಲುತ್ತಾರೆ, ಆಮೇಲೆ ಬರುವುದು ಹೊಸ ಕಥೆ. ಗೋಲಿನ ಲೆಕ್ಕ ಬೇಕಿದ್ದರೆ ಅವರ ಜೊತೆ ಆಡಿದ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸು. ಇಬ್ಬರೂ ಜಗಳವಾಡುವುದನ್ನು ಪೂರ್ತಿ ರೆಕಾರ್ಡ್ ಮಾಡು, ಮಧ್ಯೆ ಮಾತಾಡಬೇಡ. ಪಿಟ್ಸ್‌ಬರ್ಗಿನವರ ಹತ್ತಿರ ಟೇಪ್ ಇತ್ತು, ಅದಕ್ಕೇ ಅವರಿಗೆ ಹಬ್ಬ ಮಾಡಲು ಸಾಧ್ಯವಾಯಿತು. ನಮ್ಮ ಊರಿನ ಪಂದ್ಯಗಳಿಗೆ ಆಕಾಶವಾಣಿ ಬಂದಿರಲಿಲ್ಲ. ಇರುವ ಟೇಪ್ ಅಂದರೆ ನಿಮ್ಮಜ್ಜನೇ.

ಪ್ರಶ್ನೆ: ಬೇಸ್‌ಬಾಲ್ ಕೊಡಗಿಗೆ ಬಂದರೆ ನಾವು ಆಡಬಹುದೇ?
(ಸುಂಟಿಕೊಪ್ಪದ ಓದುಗರು)

ಆಡಬಹುದು. ಆದರೆ ನಮ್ಮ ಇಳಿಜಾರಿನಲ್ಲಿ 457 ಅಡಿ ಸಮತಟ್ಟು ಜಾಗ ಹುಡುಕಿ ಕೊಡಿ ಮೊದಲು. ಸಿಕ್ಕರೆ ಅಲ್ಲಿ ಹಾಕಿ ಆಡುತ್ತೇವೆ.

ಪ್ರಶ್ನೆ: ನಿಮ್ಮಂಥ ಹಳಬರಿಗೆ ಹಿಂದಿನದ್ದೆಲ್ಲ ಚಿನ್ನ, ಈಗಿನದ್ದೆಲ್ಲ ತಗಡು. ಅಲ್ಲವೇ?
(ಕುಶಾಲನಗರದಿಂದ, ಹೆಸರು ಬರೆದಿಲ್ಲ)

ಹಿಂದೆ ಕೆಸರಲ್ಲಿ ಆಡಿ ಹುಣ್ಣಾಗಿ ಪೆನಿಸಿಲಿನ್ ಚುಚ್ಚಿಸಿಕೊಂಡವನು ನಾನು, ಅದನ್ನು ಚಿನ್ನ ಅನ್ನಲಾರೆ. 2018ರ ಮಳೆಗೆ ಗುಡ್ಡ ಕುಸಿದು 2019ರಲ್ಲಿ ಉತ್ಸವ ನಿಂತಿತು, ಆಮೇಲೆ ಕೋವಿಡ್. 2023ರಲ್ಲಿ ನಾಪೋಕ್ಲಿನಲ್ಲಿ ಮತ್ತೆ ವಾಲಗ ಕೇಳಿದಾಗ ಮುಂದಿನ ಸಾಲಲ್ಲಿ ಕೂತು ಸೀಟಿ ಹೊಡೆದದ್ದೂ ನಾನೇ. ತಗಡಿಗೆ ಯಾರು ಸೀಟಿ ಹೊಡೆಯುತ್ತಾರೆ? ಮುಂದಿನ ಸಲ ಹೆಸರು ಬರೆಯಿರಿ.

ಪ್ರಶ್ನೆ: ಮೈಸೂರಿನಿಂದ ಮೊದಲ ಸಲ ಕುಟುಂಬ ಸಮೇತ ಹಾಕಿ ಉತ್ಸವಕ್ಕೆ ಬರುತ್ತಿದ್ದೇವೆ. ಎಲ್ಲಿ ಕೂತರೆ ಚೆನ್ನ?
(ಮೈಸೂರಿನ ಓದುಗರು)

ಗೋಲಿನ ಹಿಂದೆ ಕೂರಬೇಡಿ, ಚೆಂಡು ಹಾರಿ ಬರುತ್ತದೆ, ಅದು ರಬ್ಬರ್ ಚೆಂಡಲ್ಲ. ಪಶ್ಚಿಮದ ಗ್ಯಾಲರಿಯಲ್ಲಿ, ಮಧ್ಯದ ಗೆರೆಗೂ ಗೋಲಿಗೂ ನಡುವೆ ಜಾಗ ಹಿಡಿಯಿರಿ. ಮಧ್ಯಾಹ್ನದ ಬಿಸಿಲು ಬೆನ್ನಿಗೆ ಬೀಳುತ್ತದೆ, ಪೆನಾಲ್ಟಿ ಕಾರ್ನರ್ ಕಣ್ಣೆದುರೇ ನಡೆಯುತ್ತದೆ. ಫೈನಲ್ ದಿನವೇ ಬರಬೇಕೆಂದಿಲ್ಲ. ಮೊದಲ ವಾರದ ಪಂದ್ಯಗಳಲ್ಲೇ ಅಜ್ಜ ಮೊಮ್ಮಗಳಿಗೆ ಪಾಸ್ ಕೊಡುವುದು ಕಾಣಸಿಗುವುದು, ಕೊನೆಗೆ ಉಳಿಯುವುದು ಗಟ್ಟಿ ತಂಡಗಳು ಮಾತ್ರ. ಬೆಳಿಗ್ಗೆ ಬೇಗ ಬನ್ನಿ, ಗಾಡಿಯನ್ನು ದೂರ ನಿಲ್ಲಿಸಿ ನಡೆಯಿರಿ. ಏಪ್ರಿಲ್ ಅಲ್ಲವೇ, ಯಾವ ಹೊತ್ತಿಗೂ ಕಾಫಿ ಹೂ ಅರಳಿಸುವ ಹೂಮಳೆ ಬರಬಹುದು. ಬಂದರೆ ಪಂದ್ಯ ನಿಲ್ಲುತ್ತದೆ, ಪಕ್ಕದಲ್ಲಿ ಕೂತ ಪ್ಲಾಂಟರ್ ಮಾತ್ರ ನಗುತ್ತಾ ಇರುತ್ತಾರೆ, ಅವರ ಮೇಲೆ ಸಿಟ್ಟಾಗಬೇಡಿ. ಛತ್ರಿ ತನ್ನಿ, ಆದರೆ ಆಟ ನಡೆಯುವಾಗ ಬಿಚ್ಚಿದರೆ ಹಿಂದಿನ ಸಾಲಿನವರು ಕೊಡವ ಭಾಷೆಯಲ್ಲಿ ಏನೋ ಹೇಳುತ್ತಾರೆ. ಅರ್ಥ ಕೇಳಲು ಹೋಗಬೇಡಿ.